ಖಾಲಿ ಕೋಣೆಯ ಸದ್ದು

ಟೀವಿಯಲ್ಲಿ ಪೊಲೀಸರು ಓಡುತ್ತಾರೆ, ಕೊಲೆಗಾರ ಮೆಟ್ಟಿಲು ಹತ್ತುತ್ತಾನೆ. ಆ ಹೆಜ್ಜೆ ಸದ್ದು ಅವರದಲ್ಲ. ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ಬೇರೆ ಯಾರೋ ಮಾಡಿ ಸೇರಿಸುವುದು. ನಮ್ಮ ಯಜಮಾನರ ಕೆಲಸ ಅದೇ. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಹೆಜ್ಜೆಯಣ್ಣ ಅನ್ನುತ್ತಿದ್ದರು.

ಹೆಜ್ಜೆಯಣ್ಣನಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಮದುವೆಗೆ ಮುಂಚೆಯೇ ಲಾರಿಯಿಂದ ಬಿದ್ದು ಎಡಮಂಡಿ ಹೋಗಿತ್ತು. ಬಲಗಾಲು ಊರುವರು, ಎಡಗಾಲು ಎಳೆಯುವರು. ಟಕ್, ಸರ್ರ್. ಟಕ್, ಸರ್ರ್. ಅದಕ್ಕೆ ಅವರು ಬೂಟನ್ನು ಕಾಲಿಗೆ ಹಾಕುತ್ತಲೇ ಇರಲಿಲ್ಲ. ಎರಡೂ ಕೈಗೆ ಹಾಕಿಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕೂತು ಬಗ್ಗಿ, ಕಲ್ಲಿನ ಮೇಲೆ, ಹಲಗೆಯ ಮೇಲೆ, ಮರಳಿನ ತಟ್ಟೆಯಲ್ಲಿ ಕೈಯನ್ನೇ ನಡೆಸುತ್ತಿದ್ದರು. ಕಳ್ಳ, ಡಾಕ್ಟರು, ಗರ್ಭಿಣಿ, ಮುದುಕ, ಎಲ್ಲರೂ ಅವರ ಕೈಯಲ್ಲೇ ನಡೆದರು. ಅವರ ಕಾಲು ಮಾತ್ರ ಯಾವ ಧಾರಾವಾಹಿಯಲ್ಲೂ ನಡೆಯಲಿಲ್ಲ.

ಮನೆಯಲ್ಲೂ ಅಭ್ಯಾಸ ಮಾಡುವರು. ಒಂದು ಸಲ ಕೆಳಗಿನ ಮನೆಯಾಕೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ನೀನು ಹೊಲಿಗೆ ಕೆಲಸಕ್ಕೆ ಹೋದ ಮೇಲೆ ನಿಮ್ಮನೇಲಿ ಒಬ್ಳು ಓಡಾಡ್ತಾಳೆ. ಎತ್ತರದ ಚಪ್ಪಲಿ. ನನಗ್ಯಾಕೆ ಬೇಕು, ಆದ್ರೂ ಹೇಳ್ಬೇಕು ಅನ್ನಿಸ್ತು."

ಅವಳ ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದೆ. ಇವರು ಸ್ಟೂಲಿನ ಮೇಲೆ ಕೂತಿದ್ದರು, ಎರಡೂ ಕೈಗೆ ಕೆಂಪು ಹೈಹೀಲ್ಡು.

"ನೋಡಿ, ಇವಳೇ ಅವಳು," ಅಂದೆ.

ಇವರು ಒಂದು ಚಪ್ಪಲಿ ಎತ್ತಿ ಅವಳಿಗೆ ನಮಸ್ಕಾರ ಮಾಡಿದರು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಎಡಗಾಲನ್ನು ಎರಡು ಸಲ ಕಾಲೊರಸಿಗೆ ಉಜ್ಜುವರು. ಗೋಣಿಚೀಲ ಮಡಿಸಿ ನಾನೇ ಹೊಲಿದ ಕಾಲೊರಸು. ಬಲಗಾಲು ಒರೆಸುತ್ತಿರಲಿಲ್ಲ. "ಕೊಳೆ ಎಳ್ಕೊಂಡು ಬರೋದು ಇದೊಂದೇ ತಾನೆ," ಅನ್ನುವರು. ಆ ಉಜ್ಜುವ ಸದ್ದು ಕೇಳಿದ ಮೇಲೆ ನಾನು ತಟ್ಟೆ ಇಡುತ್ತಿದ್ದೆ.

ಅವರ ಜೀವ ಹೋದದ್ದು ಬಸ್ಸಿನಲ್ಲಿ. ಕೆಲಸ ಮುಗಿಸಿ ಬರುವಾಗ ಕಿಟಕಿಗೆ ತಲೆ ಕೊಟ್ಟು ಕೂತಿದ್ದರಂತೆ. ನಿದ್ದೆ ಅಂದುಕೊಂಡು ಕಂಡಕ್ಟರು ಕೊನೆಯ ನಿಲ್ದಾಣದವರೆಗೆ ಎಬ್ಬಿಸಲಿಲ್ಲ.

ಎಲ್ಲ ಮುಗಿದ ಮೇಲೆ ನಾದಿನಿ ಬಂದು ನನ್ನ ಜೊತೆ ಉಳಿದಳು. ಮನೆ ತೊಳೆದಳು. ಬೂಟು ಚಪ್ಪಲಿಗಳ ಚೀಲವನ್ನು ಸ್ಟುಡಿಯೋಗೆ ಕೊಟ್ಟು ಬಂದಳು. ಕಾಲೊರಸನ್ನು ಸುತ್ತಿ ಅಟ್ಟಕ್ಕೆ ಹಾಕಿದಳು.

ಅವರು ಕೊನೆಗೆ ಮಾಡುತ್ತಿದ್ದದ್ದು ಒಂದು ಪತ್ತೇದಾರಿ ಧಾರಾವಾಹಿಯ ಕಂತು. ಅರ್ಧ ಮಾಡಿದ್ದರು. ಉಳಿದರ್ಧ ಬೇರೆಯವರು ಮಾಡಿದರು. ಅದು ಟೀವಿಯಲ್ಲಿ ಬಂದ ದಿನ ನಾನೂ ನಾದಿನಿಯೂ ಕೂತೆವು. ಕಥೆ ನನಗೆ ಬೇಕಿರಲಿಲ್ಲ. ಅವರ ಕೈ ಕೇಳಬೇಕಿತ್ತು. ಮೊದಲರ್ಧ ಕೇಳಿದೆ. ಆಮೇಲೆ ಹೆಜ್ಜೆಗಳು ಬದಲಾದವು, ಯಾರೋ ಡಬ್ಬ ಬಡಿದ ಹಾಗೆ. ಎದ್ದು ಹೋಗೋಣ ಅನ್ನಿಸಿತು.

ಆಗ ಇನ್‌ಸ್ಪೆಕ್ಟರ್ ಹೆಂಗಸು ಒಂದು ಖಾಲಿ ಮನೆಯೊಳಗೆ ಬಂದಳು. ಅಲ್ಲಿ ಯಾರೂ ಇಲ್ಲ. ಅವಳು ಅಲ್ಲಾಡದೆ ನಿಂತಳು. ಅವಳ ಹಿಂದೆ ಎಲ್ಲಿಂದಲೋ ಸಣ್ಣಗೆ ಬಂತು.

ಟಕ್, ಸರ್ರ್. ಟಕ್, ಸರ್ರ್.

ನಾನು ನಾದಿನಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ರಿಮೋಟು ತೆಗೆದುಕೊಂಡು ಸದ್ದು ಅಡಗಿಸಿದಳು.

ಮಾರನೆಯ ದಿನ ಎಲ್ಲರ ಬಾಯಲ್ಲೂ ಅದೇ ಕಂತು. ಕೆಳಗಿನ ಮನೆಯಾಕೆ ಬಟ್ಟೆ ಒಣಗಿಸುತ್ತಾ, "ಮೊದಲು ಚೆನ್ನಾಗಿತ್ತಮ್ಮ, ಆಮೇಲೆ ನೀರು ನೀರು. ಕೊಲೆ ಯಾರು ಮಾಡಿದ್ರು ಅಂತ ನನಗೆ ಜಾಹೀರಾತು ಬರೋ ಹೊತ್ತಿಗೇ ಗೊತ್ತಾಯ್ತು," ಅಂದಳು. ಆಮೇಲೆ ದನಿ ಇಳಿಸಿ, "ಆ ಕುಂಟೋನು ಯಾರು?" ಅಂದಳು.

ನಾದಿನಿ ಮೊಬೈಲಿನಲ್ಲಿ ಜನ ಬರೆದದ್ದನ್ನು ಓದಿದಳು. ನನಗೆ ಅಷ್ಟು ಬೇಗ ಓದಲು ಬರುವುದಿಲ್ಲ.

"ಒಬ್ಬ ಬರೆದಿದಾನೆ, ಅರ್ಧ ಕಂತು ಚಿನ್ನ, ಅರ್ಧ ಕಂತು ತಗಡು. ಇನ್ನೊಬ್ಬ ಹೇಳ್ತಾನೆ, ಕುಂಟೋ ಪಾತ್ರವೇ ಇಲ್ಲ, ನಿರ್ದೇಶಕನಿಗೆ ಕಿವಿ ಇಲ್ವಾ ಅಂತ. ಇವಳ್ಯಾರೋ, ಮುಂದಿನ ವಾರ ಕುಂಟ ಕೊಲೆಗಾರ ಬರ್ತಾನೆ, ಬರೆದಿಟ್ಕೊಳ್ಳಿ ಅಂತಾಳೆ."

"ಇನ್ನೂ?"

"ಸಾಕು ಬಿಡಿ ಅತ್ತಿಗೆ."

"ಓದೇ."

"ಇಡೀ ಕಂತಲ್ಲಿ ನನಗೆ ನಿಜವಾಗಿ ಮೈ ಜುಮ್ಮೆಂದದ್ದು ಆ ಹೆಜ್ಜೆಗೆ ಮಾತ್ರ. ಅದನ್ನ ಯಾರು ಮಾಡಿದ್ರೋ ಅವರಿಗೆ ಕೈ ಮುಗೀತೀನಿ." ಅಷ್ಟು ಓದಿ ಅವಳು ಮೊಬೈಲನ್ನು ಮಗುಚಿ ಇಟ್ಟಳು.

ಮಧ್ಯಾಹ್ನ ನಾನೇ ಸ್ಟುಡಿಯೋಗೆ ಹೋದೆ. ಸದ್ದುಗಳನ್ನು ಜೋಡಿಸುವವನು ಇವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು, ನನ್ನನ್ನು ಅತ್ತಿಗೆ ಅನ್ನುತ್ತಾನೆ. ಮುಖ ಬಾಡಿತ್ತು.

"ನಿರ್ದೇಶಕರು ಉಗಿದು ಉಪ್ಪು ಹಾಕಿದ್ರು ಅತ್ತಿಗೆ. ಭಾನುವಾರ ಮರುಪ್ರಸಾರ. ಅಷ್ಟರೊಳಗೆ ಆ ಸದ್ದು ತೆಗೀಬೇಕು, ಮಷೀನಲ್ಲೂ ಇರಬಾರ್ದು ಅಂದಿದಾರೆ. ಈಗ ಅಳಿಸೋಕೇ ಕೂತಿದ್ದೆ."

"ಅಳಿಸ್ಬೇಡ. ಅವರು ಎಲ್ಲರ ಹಾಗೆ ನಡೆದ್ರು. ಅವರ ಹಾಗೆ ಅವರು ನಡೆದದ್ದು ಇದೊಂದೇ. ಇದೂ ಹೋದ್ರೆ ನನಗೆ ಇನ್ನೇನೂ ಇಲ್ಲ."

ಅವನು ಬಾಗಿಲು ತೆಗೆದಿದೆಯೇ ಎಂದು ನೋಡಿಕೊಂಡ.

"ಅವರು ನಡೆದಿಲ್ಲ ಅತ್ತಿಗೆ," ಅಂದ.

ಆಮೇಲೆ ಬಿಡಿಸಿ ಹೇಳಿದ. ಅವರ ಕೆಲಸದಲ್ಲಿ ಖಾಲಿ ಕೋಣೆಯ ಸದ್ದು ಎಂದು ಒಂದಿದೆ. ಸಂಜೆ ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿ, ಒಳಗಿನ ಮೌನವನ್ನು ಮಷೀನಿನಲ್ಲಿ ಹಿಡಿಯುತ್ತಾರೆ. ಟೀವಿಯಲ್ಲಿ ಯಾರೂ ಮಾತಾಡದ ಕಡೆ ಆ ಮೌನವನ್ನು ಹಾಸುತ್ತಾರೆ. ಇಲ್ಲದಿದ್ದರೆ ಟೀವಿ ಕೆಟ್ಟಿತೆಂದು ಜನ ತಟ್ಟುತ್ತಾರಂತೆ. ಇವರು ತೀರಿಕೊಂಡ ಸಂಜೆಯೂ ಹಿಡಿದಿದ್ದರು.

"ಬೀಗ ಹಾಕಿ ನಾನೂ ಅಣ್ಣನೂ ಒಟ್ಟಿಗೆ ಕೆಳಗಿಳಿದ್ವಿ. ಅವರನ್ನ ಬಸ್ ಹತ್ತಿಸಿದ್ದೇ ನಾನು. ಮಷೀನು ಒಳಗೆ ಓಡ್ತಾ ಇತ್ತು. ಖಾಲಿ ಕೋಣೆ ತಾನೆ, ಯಾರು ಕೇಳ್ತಾರೆ? ಕೇಳದೇನೇ ಆ ಸೀನಿಗೆ ಹಾಕ್ಬಿಟ್ಟೆ. ನಮ್ಮಲ್ಲಿ ಮೌನಾನ ಯಾರೂ ಕೇಳಿ ನೋಡಲ್ಲ ಅತ್ತಿಗೆ."

"ಹಾಕು. ಕೇಳ್ತೀನಿ."

"ಬೇಡ."

"ಹಾಕಪ್ಪ."

ಹಾಕಿದ. ತುಂಬ ಹೊತ್ತು ಏನೂ ಇರಲಿಲ್ಲ. ಆಮೇಲೆ ಬಂತು, ದೂರದಿಂದ, ಹತ್ತಿರ ಹತ್ತಿರ. ಟೀವಿಯಲ್ಲಿ ಅರ್ಧಕ್ಕೇ ಕತ್ತರಿಸಿದ್ದರು. ಇಲ್ಲಿ ಪೂರ್ತಿ ಇತ್ತು. ನಡಿಗೆ ಬಂದು ನಿಂತಿತು. ಸ್ವಲ್ಪ ತಡೆದು, ಒರಟು ಗೋಣಿಗೆ ಕಾಲು ಉಜ್ಜಿದ ಸದ್ದು. ಎರಡು ಸಲ. ಅಲ್ಲಿಗೆ ಮುಗಿಯಿತು.

"ಈ ಕೊನೇದು ಏನು ಅಂತಾನೇ ತಿಳೀಲಿಲ್ಲ ನನಗೆ," ಅವನು ಅಂದ. "ಕೋಣೇಲಿ ಅಂಥದ್ದೇನೂ ಇಲ್ಲ. ಎಲ್ಲಾ ಕಡೆ ಜಾರೋ ನೆಲ."

ನಾನು ಹೇಳಲಿಲ್ಲ. ಮೊಬೈಲು ಮುಂದಿಟ್ಟೆ. ಅವನು ನನ್ನ ಮುಖ ನೋಡಿದ, ಆ ಸದ್ದನ್ನು ಅದಕ್ಕೆ ಹಾಕಿಕೊಟ್ಟ, ತನ್ನ ಮಷೀನಿನಲ್ಲಿದ್ದದ್ದನ್ನು ಅಳಿಸಿದ.

ಭಾನುವಾರ ಮರುಪ್ರಸಾರವಾಯಿತು. ಖಾಲಿ ಮನೆ ಖಾಲಿಯಾಗಿಯೇ ಇತ್ತು. "ಈಗ ಪರವಾಗಿಲ್ಲ, ಆದ್ರೆ ಮೊದಲಿನಷ್ಟು ಭಯ ಆಗಲ್ಲ," ಎಂದು ಕೆಳಗಿನ ಮನೆಯಾಕೆ ಮೆಟ್ಟಿಲಿನಿಂದಲೇ ಕೂಗಿ ಹೇಳಿದಳು.

ನಾನು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ.

"ಏನು ಹುಡುಕ್ತಿದೀರಿ ಅತ್ತಿಗೆ?"

"ಕಾಲೊರಸು."

ನಾದಿನಿ ಯಾಕೆ ಎಂದು ಕೇಳಲಿಲ್ಲ. ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡಳು. ಕಾಲೊರಸನ್ನು ಕೊಡವಿ ಬಾಗಿಲ ಹೊರಗೆ ಹಾಸಿದೆ, ಎಡಗಾಲು ತಗಲುವ ಸವೆದ ಮಗ್ಗುಲು ಮೊದಲಿದ್ದ ಕಡೆಗೇ ಬರುವ ಹಾಗೆ. ಬಾಗಿಲು ಮುಂದೆ ಮಾಡಿದೆ, ಚಿಲಕ ಹಾಕಲಿಲ್ಲ. ಆಮೇಲೆ ಒಳಗೆ ಹೋಗಿ ಕೂತೆ.

ಮೊಬೈಲಿನಲ್ಲಿರುವುದನ್ನು ನಾನು ಮತ್ತೆ ಹಾಕಿಲ್ಲ. ಹಾಕುವ ಅಗತ್ಯ ಬಿದ್ದಿಲ್ಲ. ಸಂಜೆ ತಟ್ಟೆ ಇಡುವಾಗ ನಾದಿನಿ ಈಗ ಮೂರು ಇಡುತ್ತಾಳೆ.