ಒಂದೂ ಖಾಲಿ ಬಿಡಬೇಡ

ಲೆಕ್ಕದ ಮೇಷ್ಟ್ರ ಕೈ ತುಂಬ ಧಾರಾಳ ಎಂದು ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು. ಸುಳ್ಳೇನಲ್ಲ. ಉತ್ತರ ತಪ್ಪಾದರೂ ಒಂದೆರಡು ಸಾಲು ಗೀಚಿದ್ದರೆ ಸಾಕು, ಅರ್ಧ ಅಂಕವಾದರೂ ಬೀಳುತ್ತಿತ್ತು. "ಖಾಲಿ ಹಾಳೆಗೆ ನಾನೇನು ಕೊಡ್ಲಿ? ಏನಾದ್ರೂ ಬರೀರೋ, ನಿಮ್ಮ ಮುಖ ನೋಡಿಯಾದ್ರೂ ಕೊಡ್ತೀನಿ" ಎನ್ನುತ್ತಿದ್ದರು. ಹಾಗೆ ಪಾಸಾದವರು ಈಗಲೂ ಬಸ್ಸಿನಲ್ಲಿ ಎದ್ದು ಅವರಿಗೆ ಸೀಟು ಬಿಡುತ್ತಿದ್ದರು.

ಅವರ ಒಬ್ಬಳೇ ಮಗಳಿಗೆ ಡಾಕ್ಟರಾಗುವ ಹಠ. ಪ್ರವೇಶ ಪರೀಕ್ಷೆಯ ಹಿಂದಿನ ಸಂಜೆ ಅಡುಗೆಮನೆಯ ಕಟ್ಟೆಯೇರಿ ಕೂತು ಅಪ್ಪನಿಗೆ ಪಾಠ ಮಾಡಿದಳು.

"ನಾಲ್ಕು ಉತ್ತರ ಕೊಟ್ಟಿರ್ತಾರಪ್ಪ. ಸರಿಯಾದ್ದರ ವೃತ್ತ ತುಂಬಬೇಕು. ತಪ್ಪಾದ್ರೆ ಬಂದಿರೋ ಅಂಕದಲ್ಲೂ ಕಳೀತಾರೆ. ಗೊತ್ತಿಲ್ದಿದ್ರೆ ಬಿಟ್ಟುಬಿಡೋದೇ ವಾಸಿ."

"ಬಿಡೋದಾ? ಬರೆದಿದ್ದಕ್ಕೆ ಕಳೆಯೋ ಮೇಷ್ಟ್ರನ್ನ ನಾನೆಲ್ಲೂ ಕಂಡಿಲ್ಲ, ಪುಟ್ಟಿ. ತಿದ್ದೋರೂ ಮಕ್ಕಳೊಂದಿಗರೇ ತಾನೇ?"

"ತಿದ್ದೋದು ಯಂತ್ರ!"

"ಅದರ ಹಿಂದೆ ಒಬ್ಬ ಮನುಷ್ಯ ಇದ್ದೇ ಇರ್ತಾನೆ ಬಿಡು."

"ಪರೀಕ್ಷೆ ಅವಳಿಗೋ ನಿಮಗೋ? ಸುಮ್ನೆ ಊಟಕ್ಕೇಳಿ" ಎಂದು ಹೆಂಡತಿ ಗದರಿದಳು.

ಬೆಳಿಗ್ಗೆ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮಗಳ ಹಣೆಯ ಮೇಲಿನ ಕೂದಲು ಸರಿಸಿ, ಮೇಷ್ಟ್ರು ಪಿಸುಗುಟ್ಟಿದರು: "ಒಂದೂ ಖಾಲಿ ಬಿಡಬೇಡ. ನನ್ನಾಣೆ."

ಅವಳು ಬಿಡಲಿಲ್ಲ.

ಫಲಿತಾಂಶ ಬಂದಾಗ ಸೀಟು ಕೂದಲೆಳೆಯಲ್ಲಿ ತಪ್ಪಿತ್ತು. ಮೇಷ್ಟ್ರು ಅವಳ ಉತ್ತರಗಳನ್ನೂ ಸರಿಯುತ್ತರಗಳನ್ನೂ ಫೋನಿನಲ್ಲಿ ತಾಳೆ ನೋಡಿದರು. ಕಳೆದು ನೋಡುವುದಕ್ಕೆ ಅವರಿಗೆ ಪೆನ್ನು ಬೇಕಿರಲಿಲ್ಲ. ತಪ್ಪಿಗೆ ಕಡಿತವಾದ ಅಂಕಗಳು ಉಳಿದಿದ್ದರೆ ಅವಳು ಡಾಕ್ಟರಾಗುತ್ತಿದ್ದಳು.

ಮಗಳು ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು.

"ಇವನ್ನೆಲ್ಲ ಗೊತ್ತಿಲ್ದೇ ತುಂಬಿದ್ಯಾ, ಪುಟ್ಟಿ?"

"ಇಲ್ಲಪ್ಪ. ಗೊತ್ತು ಅಂದ್ಕೊಂಡೇ ತುಂಬಿದೆ. ನಾನು ಓದಿದ್ದೇ ಸಾಲ್ದು" ಎಂದಳು, ತಲೆಯೆತ್ತದೆ.

ಸುಳ್ಳು ಹೇಳುವ ಮಕ್ಕಳನ್ನು ಮೇಷ್ಟ್ರು ಬದುಕಿಡೀ ಕಂಡಿದ್ದರು. ಅವರೆಲ್ಲ ತಮ್ಮನ್ನು ಉಳಿಸಿಕೊಳ್ಳಲು ಸುಳ್ಳಾಡಿದವರು. ಈ ಸುಳ್ಳು ಅಂಥದ್ದಲ್ಲ. ಅವಳ ಪಕ್ಕದಲ್ಲಿ ಕೂತರು. ಅವಳು ಮಡಚಿಟ್ಟಿದ್ದ ಬಟ್ಟೆಗಳನ್ನೇ ಒಂದೊಂದಾಗಿ ಬಿಡಿಸಿ ಮತ್ತೆ ಮಡಚತೊಡಗಿದರು. ಅವಳು ಇನ್ನೊಂದನ್ನು ಅವರತ್ತ ಸರಿಸಿದಳು.