ಹದಿನಾರು ಎಡ ತೋಳು

ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಕತ್ತರಿಯಕ್ಕನ ಕೈಯಲ್ಲಿ ಕತ್ತರಿ ಬಾಯಿ ತೆರೆದಿರುವಾಗ ಬೇರೆ ಯಾರೂ ಬಾಯಿ ತೆರೆಯಬಾರದು. ಯಜಮಾನರೂ ಅಷ್ಟೇ. ಕಾಜಾ ಹೊಲಿದು ಗುಂಡಿ ಕೂರಿಸುವ ನಾನು ಹತ್ತೊಂಬತ್ತು ವರ್ಷ ಆ ನಿಯಮ ಪಾಲಿಸಿದ್ದೇನೆ. ನನ್ನ ಬಾಯಿಯ ಪರಿಚಯವಿದ್ದವರಿಗೆ ಅದರ ಕಷ್ಟ ಗೊತ್ತು.

ಅಕ್ಕ ಎಂದರೂ ಅವಳು ನನ್ನ ಒಡಹುಟ್ಟಿದವಳಲ್ಲ. ಆದರೂ ಯಾರಾದರೂ ಅವಳನ್ನು ಆಡಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ. ಗಿರಾಕಿಯ ಭುಜಕ್ಕೆ ಒಮ್ಮೆ ಟೇಪು ಹಿಡಿದರೆ ಸಾಕು, ಅಳತೆ ಮುಂದಿನ ವರ್ಷಕ್ಕೂ ನೆನಪಿರುತ್ತಿತ್ತು. ತಲೆ ಇದ್ದವರಿಗೆ ಚೀಟಿ ಯಾಕೆ ಎಂದು ನಮ್ಮನ್ನೆಲ್ಲ ಅಣಕಿಸುತ್ತಿದ್ದಳು.

ಐವತ್ತು ದಾಟುತ್ತಿದ್ದಂತೆ ಅವಳು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಸೀಮೆಸುಣ್ಣ ಹುಡುಕತೊಡಗಿದಳು. ನಾವು ನಕ್ಕೆವು. ಟೇಪು ಎನ್ನಲು ಮಾತು ಸಿಗದೆ 'ಆ ಉದ್ದಂದು ಕೊಡು' ಎಂದಳು. ಆಗಲೂ ನಕ್ಕೆವು. ನಗಬಾರದಿತ್ತು. ಫ್ಯಾನಿನ ಕೆಳಗೆ ನಿಂತೇ ಅವಳ ಕುತ್ತಿಗೆ ಬೆವರುತ್ತಿದ್ದುದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಚಹಾ ಕುಡಿಯುವಾಗ ಅವಳೇ ಹೇಳಿದಳು. ಲೇತ್ ಕೆಲಸದ ಗಂಡ ಎದುರಿಗೇ ಕೂತು ಮಾತಾಡಿದರೂ ಪಕ್ಕದ ಮನೆಯಿಂದ ಕೇಳಿಸಿದ ಹಾಗಂತೆ. ಮಗಳು ಕಾಲೇಜಿಗೇ ಮೊದಲು ಬಂದ ದಿನ, ಖುಷಿಪಡಬೇಕು ಎಂದು ತಿಳಿಯಿತಂತೆ, ಖುಷಿ ಮಾತ್ರ ಬರಲಿಲ್ಲವಂತೆ.

"ನಮ್ಮನೇಗೇ ನಾನು ನೆಂಟ್ರ ಥರ ಬಂದಿದೀನಿ ಅನ್ಸುತ್ತೆ ಕಣೇ," ಎಂದಳು.

ಅವಳ ತಾಯಿ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತನ್ನೇ ಮರೆತಿದ್ದರು. ತನಗೂ ಅದೇ ಬಂತೆಂದು ಹೆದರಿ ಅಕ್ಕ ಆರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಮರುದಿನವೇ ನಾನು ಅವಳ ಕೈ ಹಿಡಿದು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು, ನಿದ್ದೆ ಹೇಗಿದೆ ಎಂದು ವಿಚಾರಿಸಿದರು. ಮುಟ್ಟು ನಿಲ್ಲುವ ಕಾಲದಲ್ಲಿ ಅನೇಕರ ತಲೆಗೆ ಹೀಗೆ ಮಂಕು ಕವಿಯುತ್ತದೆ, ಇದು ತಾಯಿಯ ಕಾಯಿಲೆಯಂತೆ ಕಾಣುತ್ತಿಲ್ಲ, ಇದಕ್ಕೆ ಚಿಕಿತ್ಸೆಯಿದೆ ಎಂದರು. ಸದ್ಯಕ್ಕೆ ತಲೆಯ ಭಾರವನ್ನು ಸ್ವಲ್ಪ ಕಾಗದದ ಮೇಲೆ ಇಳಿಸಿ ಎಂದೂ ಹೇಳಿದರು. ಅಕ್ಕ ಮಾತ್ರೆ ತಗೊಂಡಳು, ಕಾಗದ ಮುಟ್ಟಲಿಲ್ಲ. ಚೀಟಿ ಹಿಡಿದ ದಿನ ಕತ್ತರಿ ಕೆಳಗಿಟ್ಟ ಹಾಗೆ ಎಂಬುದು ಅವಳ ಹಟ.

ಆ ಹಟಕ್ಕೆ ತಕ್ಕ ಶಾಸ್ತಿಯೂ ಆಯಿತು. ಒಂದು ವಾದ್ಯತಂಡಕ್ಕೆ ಎಂಟು ಕೋಟು ಹೊಲಿಯಬೇಕಿತ್ತು. ಒಂದೇ ಮಗ್ಗುಲು ಹೊಳೆಯುವ ನೀಲಿ ಬಟ್ಟೆ. ಬಟ್ಟೆಯಂಗಡಿಯಲ್ಲಿ ಉಳಿದಿದ್ದ ಅದರ ಕೊನೆಯ ಥಾನನ್ನು ನಾವೇ ತಂದಿದ್ದೆವು. ಅಕ್ಕ ಹೊಳಪು ಮೇಲಾಗಿ ಎಂಟು ಪದರ ಹಾಸಿ, ರಟ್ಟಿನ ಅಚ್ಚು ಇಟ್ಟು ಒಂದು ತೋಳಿಗೆ ಗೆರೆ ಎಳೆದಳು. ಇನ್ನೊಂದಕ್ಕೆ ಅಚ್ಚನ್ನು ಮಗುಚಿ ಇಡಬೇಕು. ಅವಳು ಮಗುಚಲಿಲ್ಲ. ಕತ್ತರಿ ಆಡಿತು, ನಾವು ನಿಯಮದಂತೆ ಬಾಯಿ ಮುಚ್ಚಿಕೊಂಡು ಕೂತೆವು. ಹೊರಬಂದದ್ದು ಹದಿನಾರು ಎಡ ತೋಳು. ಬಲ ತೋಳು ಒಂದೂ ಇಲ್ಲ; ತಿರುಗಿಸಿ ಬಲಕ್ಕೆ ಹಾಕಿದರೆ ಹೊಳಪು ಒಳಗೆ ಹೋಗುತ್ತದೆ.

ಯಜಮಾನರು ಕೂಗಾಡುವವರಲ್ಲ, ಕೂಗಾಡಿದ್ದರೇ ವಾಸಿಯಿತ್ತು. ವಯಸ್ಸಾಯಿತು ಪಾಪ, ಪಕ್ಕದ ಬೀದಿಯಿಂದ ಬೇರೆಯವರನ್ನು ಕರೆಸೋಣ, ಇವಳು ಇನ್ನು ಮೇಲೆ ಗುಂಡಿ ಹೊಲಿಯಲಿ ಎಂದರು. ಗುಂಡಿ ಹೊಲಿಯುವುದು ತಲೆ ಕೆಟ್ಟವರ ಕೆಲಸ ಎನ್ನುವಂತೆ! ಅಕ್ಕ ಕತ್ತರಿಯನ್ನು ಅವರ ಮೇಜಿನ ಮೇಲಿಟ್ಟಳು. ಅವಳ ಕೈ ಅಷ್ಟು ಖಾಲಿಯಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು.

ಅವಳು ಮಾತ್ರ ಅಳಲಿಲ್ಲ. ತೋಳುಗಳ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಕಾಲರು, ಜೇಬಿನ ಮುಚ್ಚಳ, ಸೊಂಟಪಟ್ಟಿಗೆಂದು ತೆಗೆದಿಟ್ಟಿದ್ದ ಬಟ್ಟೆ ಇನ್ನೂ ಕತ್ತರಿಸಿರಲಿಲ್ಲ. ಅದರ ಮೇಲೆ ಅಚ್ಚು ಮಗುಚಿ ಇಟ್ಟಳು: ಎಂಟು ಬಲ ತೋಳಿಗೆ ಸರಿಯಾಗಿ ಆಗುತ್ತಿತ್ತು. ಕಾಲರು, ಮುಚ್ಚಳ, ಪಟ್ಟಿ ಎಲ್ಲ ಹೆಚ್ಚಾದ ಎಂಟು ಎಡ ತೋಳಿನಿಂದಲೇ ಬರುತ್ತಿದ್ದವು. ಕಾಲರಿನ ಒಳಮಗ್ಗುಲಿಗೆ ಒಂದು ಜೋಡಣೆ ಬೀಳುತ್ತಿತ್ತು, ಅಷ್ಟೇ. ಅಕ್ಕ ಸೀದಾ ಹೋಗಿ ಕತ್ತರಿ ಎತ್ತಿಕೊಂಡಳು.

ಯಜಮಾನರು ತಡೆಯಲು ಬಂದರು. ಅವಳು ಕಡ್ಡಿ ಮುರಿದಂತೆ ಹೇಳಿದಳು:

"ನಂಗೀಗ ಮುಟ್ಟು ನಿಲ್ಲೋ ಕಾಲ. ತಲೆಗೆ ಆಗಾಗ ಮಂಕು ಕವಿಯುತ್ತೆ, ಔಷಧಿ ತಗೋತಿದೀನಿ. ತಪ್ಪು ನಂದೇ, ಸರಿ ಮಾಡೋಳೂ ನಾನೇ. ಕೈಗೇನೂ ಆಗಿಲ್ಲ."

ಯಜಮಾನರು ಫ್ಯಾನ್ ನೋಡಿದರು, ಗೋಡೆ ನೋಡಿದರು, ಆಮೇಲೆ ಏನೋ ಕೆಲಸ ನೆನಪಾದವರಂತೆ ಹೊರಗೆ ಹೋದರು. ಅಕ್ಕ ಮೇಜಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ 'ಎಂಟು ಬಲ' ಎಂದು ಬರೆದಳು. ಅವಳು ಬರೆದುಕೊಂಡದ್ದನ್ನು ನೋಡಿದ್ದೂ ಅದೇ ಮೊದಲು. ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು. ಎಡವೋ ಬಲವೋ ನಾನು ಹೇಳುತ್ತೇನೆ, ನೀನು ನೋಡಿ ತಿರುಗಿ ಹೇಳು, ತಪ್ಪು ಕಂಡರೆ ಕತ್ತರಿ ತೆರೆದಿದ್ದರೂ ಬಾಯಿ ಬಿಡು ಎಂದಳು. ಹತ್ತೊಂಬತ್ತು ವರ್ಷದ ನಿಯಮ ಅಲ್ಲಿಗೆ ಮುರಿಯಿತು. ನಾಲ್ಕನೇ ದಿನ ಎಂಟು ಕೋಟು ಹೋದವು, ಪಕ್ಕದ ಬೀದಿಯವರು ಬರಲೇ ಇಲ್ಲ.

ಈಗಲೂ ಅವಳ ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ಮಂಕು ಬಂದ ದಿನ ಬಂತು ಎನ್ನುತ್ತಾಳೆ, ನಾನು ಹೋಗಿ ಎದುರಿಗೆ ನಿಲ್ಲುತ್ತೇನೆ. ಮನೆಯಲ್ಲೂ ಹೇಳಿದ್ದಾಳೆ. ಗಂಡ ಈಗ ಮಾತಾಡುವ ಮೊದಲು ಅವಳ ಭುಜ ಮುಟ್ಟುತ್ತಾನಂತೆ. ಮೊನ್ನೆ ಮಗಳ ಮಾತಿಗೆ ನಗು ತಾನಾಗಿಯೇ ಬಂತು ಎಂದಳು.

ಹೋದ ವಾರ ನಾನು ಗಂಡಸರ ಆರು ಅಂಗಿಗೆ ಕಾಜಾಗಳನ್ನೆಲ್ಲ ಬಲ ಮಗ್ಗುಲಿಗೆ ಹೊಲಿದುಬಿಟ್ಟೆ. ಎಡಕ್ಕೆ ಹೊಲಿಯಬೇಕೆಂಬುದು ನನಗೆ ನಿದ್ದೆಯಲ್ಲೂ ಗೊತ್ತು. ನನಗೀಗ ನಲವತ್ತೇಳು. ಅಂಗಿಗಳನ್ನು ಬಚ್ಚಿಡಲು ಹೊರಟ ನನ್ನ ಕೈ ಹಿಡಿದು ಅಕ್ಕ ಅವನ್ನು ಮೇಜಿನ ಮೇಲೆ ಹರವಿದಳು. ತನ್ನ ಸೀಮೆಸುಣ್ಣವನ್ನು ನನಗೆ ಕೊಟ್ಟಳು.

"ಬರ್ಕೋ," ಎಂದಳು. "ಇವತ್ತು ಎದುರಿಗೆ ನಾನು ನಿಂತ್ಕೋತೀನಿ."