ಕರಿಯನಿಗೆ ಬಿದ್ದ ಮೊದಲ ಮುದ್ದೆ

ಮೊದಲ ಮುದ್ದೆ ನನ್ನ ತಟ್ಟೆಗೇ ಬರುತ್ತದೆಂದು ಕೈ ತೊಳೆದು ಕುಳಿತಿದ್ದೆ. ಅದು ಹೋಗಿ ಬಾಗಿಲ ಬಳಿಯಿದ್ದ ನಾಯಿಯ ಮುಂದೆ ಬಿತ್ತು.

ಎಪ್ಪತ್ತರ ದಶಕದ ಮಾತು. ಧರ್ಮಪುರದ ಕಡೆಯ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ನಾನು. ಕುರಿಗಾಹಿ ಈರಣ್ಣ ಅಂದು ಮಧ್ಯಾಹ್ನ ಊಟಕ್ಕೆ ಕರೆದಿದ್ದ. ಅವನ ನಾಯಿ ಕರಿಯನ ಮುದ್ದೆ, ಆಮೇಲೆ ನನಗೆ ಬಂದದ್ದಕ್ಕಿಂತ ದೊಡ್ಡದಾಗಿಯೂ ಇತ್ತು! ಮೇಷ್ಟ್ರಿಗಿಂತ ನಾಯಿ ಹೆಚ್ಚೇ ಎಂದು ಒಳಗೊಳಗೇ ಉರಿಯುತ್ತ, ಹುರುಳಿ ಸಾರಿನಲ್ಲಿ ಬೆರಳಾಡಿಸುತ್ತ ಕುಳಿತೆ. ಮನೆಯವರು ಯಾರೂ ತುತ್ತು ಎತ್ತಲಿಲ್ಲ. ಕರಿಯನೂ ಮುದ್ದೆ ಮುಟ್ಟದೆ, ಜೊಲ್ಲು ಸುರಿಸುತ್ತ ನನ್ನನ್ನೇ ನೋಡುತ್ತಿತ್ತು.

“ಕುರಿ ಕಾಯೋ ನಾಯಿಗೆ ಮೊದ್ಲು ಇಕ್ಕೋದು ನಮ್ಮ ಪದ್ಧತಿ ಮೇಷ್ಟ್ರೇ,” ಎಂದ ಈರಣ್ಣ. “ಆದ್ರೆ ನೆಂಟ್ರು ಉಣ್ಣಾಕೆ ಸುರು ಮಾಡೋವರ್ಗೂ ಅದು ಬಾಯಿ ಹಾಕಲ್ಲ. ನೀವೊಂದು ತುತ್ತು ಇಟ್ಕಳ್ರಿ, ಪಾಪ, ಹಸ್ದೈತೆ.”

ನಾಚಿಕೆಯಿಂದ ದೊಡ್ಡ ತುತ್ತನ್ನೇ ನುಂಗಿದೆ. ಕರಿಯನ ಮುದ್ದೆ ಮೂರೇ ಗುಕ್ಕಿಗೆ ಮಾಯವಾಯಿತು.

ಮದುವೆ ಪಂಕ್ತಿಯಲ್ಲಿ ಬಡಿಸಿ ಮುಗಿಯುವ ಮೊದಲೇ ಎಲೆಗೆ ಕೈ ಹಾಕುವವರನ್ನು ಕಂಡರೆ ಇಂದಿಗೂ ಕರಿಯನ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ನನ್ನ ಎಲೆಯ ಹಪ್ಪಳವೂ ಖಾಲಿಯಾಗಿರುತ್ತದೆ.